5 ನಿಮಿಷದ ಸಮೂಹ ನೃತ್ಯಕ್ಕೆ ಮೂರು ಹಾಡು ಜೋಡಿಸಬೇಕು, ಯಾವ ಸಾಫ್ಟ್‌ವೇರ್ ಹಾಕಿಕೊಳ್ಳಲಿ?

ಕೋಲು_ನಿಗಡಿ (ಪುಣೆ)

ನಮಸ್ಕಾರ. ರಾಜ್ಯೋತ್ಸವದ ಸಮೂಹ ನೃತ್ಯ ಸ್ಪರ್ಧೆಗೆ ಎಂಟು ಹುಡುಗಿಯರ ತಂಡ ತಯಾರಾಗುತ್ತಿದೆ. ಸ್ಪರ್ಧೆ ಮುಂಬಯಿಯಲ್ಲಿ. ಒಟ್ಟು 5 ನಿಮಿಷ, ಮೀರಿದರೆ ಅಂಕ ಕಳೆಯುತ್ತಾರೆ. ಹಾಡನ್ನು ಪೆನ್‌ಡ್ರೈವ್‌ನಲ್ಲಿ ಮುಂಚೆಯೇ ಒಪ್ಪಿಸಬೇಕು.

ಹಾಡು ಮೂರು. ಶುರುವಿಗೆ ಆದಿತಾಳದ ಒಂದು ಸ್ತುತಿ (2:10), ನಡುವೆ ಕೋಲಾಟದ ಪದ (3:40), ಕೊನೆಗೆ ಕಂಸಾಳೆ ಪದ (4:50). ಕೂಡಿದರೆ 10:40. ಬೇಕಾದದ್ದು ಅದರ ಅರ್ಧಕ್ಕಿಂತ ಕಡಿಮೆ. ಕೋಲಾಟದಲ್ಲಿ ಹಗ್ಗಗಳ ಜಡೆ ಹೆಣೆದು ಬಿಚ್ಚುವುದಿದೆ, ಹಾಗಾಗಿ ಅಲ್ಲಿ ಮನಸ್ಸಿಗೆ ಬಂದಂತೆ ಕತ್ತರಿಸುವ ಹಾಗಿಲ್ಲ. ಮೆಟ್ರೊನೋಮ್ ಆ್ಯಪ್‌ನಲ್ಲಿ ಬೆರಳು ತಟ್ಟಿ ನೋಡಿದರೆ ವೇಗ ನಿಮಿಷಕ್ಕೆ 96, 120, 132 ಎಂದು ತೋರಿಸುತ್ತಿದೆ.

ಸದ್ಯಕ್ಕೆ ಫೋನಿನ ವಿಡಿಯೊ ಎಡಿಟಿಂಗ್ ಆ್ಯಪ್‌ನಲ್ಲಿ ಕತ್ತರಿಸಿ ಅಂಟಿಸಿದ್ದು ಇದೆ. ಅಂಟಿಸಿದ ಕಡೆಯಲ್ಲೆಲ್ಲ ಹೆಜ್ಜೆ ಎಡವುತ್ತಿದೆ, ಒಂದು ಕಡೆ 'ಟಿಕ್' ಅಂತ ಸದ್ದು ಬೇರೆ. ಕೋಲಾಟದಿಂದ ಕಂಸಾಳೆಗೆ ಹೋಗುವಾಗ ಶ್ರುತಿಯೂ ಹಾರುತ್ತದೆ. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಕೋಲಾಟ ಬಿಳಿ ಒಂದು, ಕಂಸಾಳೆ ಕಪ್ಪು ಎರಡು.

ಲ್ಯಾಪ್‌ಟಾಪ್ ಹಳೆಯದು: ವಿಂಡೋಸ್ 10, 4 ಜಿಬಿ ರ್ಯಾಮ್. ತಿಂಗಳಾ ತಿಂಗಳಾ ದುಡ್ಡು ಕಟ್ಟುವ ಸಾಫ್ಟ್‌ವೇರ್ ಬೇಡ. ಏನು ಹಾಕಿಕೊಳ್ಳಲಿ? ಕತ್ತರಿಸುವ ಬದಲು ವೇಗವನ್ನೇ ಏರಿಸಿ 5 ನಿಮಿಷದೊಳಗೆ ಹಿಡಿಸಿದರೆ ಆಗುವುದಿಲ್ಲವೆ?

---

ಲಯ_ಡೊಂಬಿವಲಿ

ಅಡಾಸಿಟಿ ಹಾಕಿಕೊಳ್ಳಿ ಮೇಡಂ. ಉಚಿತ, ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಓಡುತ್ತದೆ. ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿಗಳನ್ನು ಮುಟ್ಟಬೇಡಿ.

ಆದರೆ ಅದನ್ನು ತೆರೆಯುವ ಮೊದಲು ಒಂದು ಕಾಗದ ತೆಗೆದುಕೊಂಡು ಆವರ್ತನದ (ತಾಳದ ಒಂದು ಪೂರ್ತಿ ಸುತ್ತಿನ) ಲೆಕ್ಕ ಹಾಕಿ. ಸೆಕೆಂಡ್ ನೋಡಿ ಕತ್ತರಿಸಿದ ಹಾಡು ಯಾವ ಸಾಫ್ಟ್‌ವೇರ್‌ನಲ್ಲಿ ಮಾಡಿದರೂ ಎಡವುತ್ತದೆ. ಆವರ್ತನ ಹಿಡಿದು ಕತ್ತರಿಸಿದರೆ ಸೆಕೆಂಡ್ ತಾನಾಗಿ ಕೂಡಿಬರುತ್ತದೆ.

ನಾಲ್ಕೈದು ಸಲ ಬೆರಳು ತಟ್ಟಿ ಬಂದ ಸಂಖ್ಯೆಯನ್ನು ಮಾತ್ರ ನಂಬಬೇಡಿ. ಹಾಡು ಹಾಕಿ, ಕೈತಾಳ ಹಾಕುತ್ತ 40 ಪೆಟ್ಟು ಎಣಿಸಿ, ಸ್ಟಾಪ್‌ವಾಚ್ ನೋಡಿ. ಮೊದಲ ಪೆಟ್ಟನ್ನು ಸೊನ್ನೆ ಅಂತ ಎಣಿಸಬೇಕು, ಒಂದು ಅಂತಲ್ಲ. 40ಕ್ಕೆ 25 ಸೆಕೆಂಡ್ ಹಿಡಿದರೆ ವೇಗ 96, 20 ಸೆಕೆಂಡ್ ಆದರೆ 120, 18.2 ಆದರೆ 132. ಹಾಡಿನ ಶುರುವಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಅಳೆಯಿರಿ. ಮೆಟ್ರೊನೋಮಿನ ಕ್ಲಿಕ್ ಇಲ್ಲದೆ ಹಾಡಿ ಬಾರಿಸಿದ ಜಾನಪದ ಧ್ವನಿಮುದ್ರಣದಲ್ಲಿ ಕಾಲ ಓಡಿರುತ್ತದೆ, ಕೊನೆಯ ಪಲ್ಲವಿ ಮೊದಲನೆಯದಕ್ಕಿಂತ ಚುರುಕಾಗಿರುತ್ತದೆ. ಅಂಥ ಹಾಡಿನಲ್ಲಿ ಮೊದಲ ಭಾಗವನ್ನು ಕೊನೆಯ ಭಾಗಕ್ಕೆ ನೇರವಾಗಿ ಅಂಟಿಸಿದರೆ ಕತ್ತರಿ ಎಷ್ಟೇ ನಿಖರವಾಗಿದ್ದರೂ ಕಾಲಿಗೆ ಗೊತ್ತಾಗುತ್ತದೆ.

ನೀವು ಕೊಟ್ಟ ವೇಗವೇ ಸರಿಯಿದ್ದರೆ 8 ಪೆಟ್ಟಿನ ಒಂದು ಆವರ್ತನಕ್ಕೆ ಸ್ತುತಿಯಲ್ಲಿ 8 × 60 ÷ 96 = 5 ಸೆಕೆಂಡ್, ಕೋಲಾಟದಲ್ಲಿ 4 ಸೆಕೆಂಡ್, ಕಂಸಾಳೆಯಲ್ಲಿ 3.64 ಸೆಕೆಂಡ್. ಇನ್ನು ಹಂಚಿ. ಸ್ತುತಿ 10 ಆವರ್ತನ, 50 ಸೆಕೆಂಡ್. ಕೋಲಾಟ 30 ಆವರ್ತನ, 120 ಸೆಕೆಂಡ್. ಕಂಸಾಳೆ 32 ಆವರ್ತನ, 116.4 ಸೆಕೆಂಡ್. ಕೊನೆಯ ಪೆಟ್ಟಿನ ಗುಂಗಿಗೆ 3 ಸೆಕೆಂಡ್. ಒಟ್ಟು 289.4, ಅಂದರೆ 4:49. ನಿಯಮ 5 ನಿಮಿಷ ಅಂತಿದ್ದರೂ 4:50 ದಾಟಬೇಡಿ. ಕೊನೆಯ ಭಂಗಿ ಬಿಟ್ಟು ಕೈಮುಗಿಯುವುದು, ಸ್ಟಾಪ್‌ವಾಚ್ ಹಿಡಿದವರ ಬೆರಳು, ಇವಕ್ಕೂ ಸ್ವಲ್ಪ ಬೇಕು.

ಏನನ್ನು ತೆಗೆಯಬೇಕು ಅನ್ನುವುದು ಎರಡನೆಯ ಪ್ರಶ್ನೆ. ಒಂದು ಚರಣ ತೆಗೆದರೆ ಅದರ ಮುಂದಿನ ವಾದ್ಯಭಾಗವನ್ನೂ ಸೇರಿಸಿ ಇಡಿಯಾಗಿ ತೆಗೆಯಿರಿ. ಅಂಟಿಸಲು ಒಳ್ಳೆಯ ಜಾಗ ಅಂದರೆ ಒಂದೇ ಸಾಲು ಎರಡು ಸಲ ಬರುವ ಕಡೆ. ಮೊದಲ ಪಲ್ಲವಿಯ ಕೊನೆಯ ಸಾಲಿನವರೆಗೆ ಬಂದು ಅಲ್ಲಿಂದ ಮೂರನೆಯ ಪಲ್ಲವಿ ಮುಗಿದ ಜಾಗಕ್ಕೆ ಹಾರಿದರೆ ದನಿ, ವಾದ್ಯ, ಶ್ರುತಿ ಎಲ್ಲ ಅದದೇ ಇರುತ್ತವೆ, ಕೇಳುವವರಿಗೆ ಸುಳಿವು ಸಿಗುವುದಿಲ್ಲ.

ಈಗ ಅಡಾಸಿಟಿ. ಮೂರೂ ಹಾಡನ್ನು ಬೇರೆ ಬೇರೆ ಟ್ರ್ಯಾಕಿಗೆ ತನ್ನಿ (ಕಂಟ್ರೋಲ್ + ಶಿಫ್ಟ್ + ಐ). ಎಂಪಿ3, ವೇವ್ ನೇರ ತೆರೆಯುತ್ತವೆ. ಎಂ4ಎ ಆದರೆ ಎಫ್‌ಎಫ್‌ಎಂಪೆಗ್ ಎಂಬ ಪೂರಕವನ್ನು ಬೇರೆಯಾಗಿ ಹಾಕಬೇಕು. ಕಡತ ತೆರೆಯಲಿಲ್ಲ ಅಂತ ಗಾಬರಿಯಾಗುವವರಲ್ಲಿ ಹೆಚ್ಚಿನವರದ್ದು ಇದೇ ಕಥೆ. ಆಮೇಲೆ ಹಾಡು ನುಡಿಸುತ್ತ, ಪ್ರತಿ ಆವರ್ತನದ ಸಮ (ಮೊದಲ ಪೆಟ್ಟು) ಬಂದಾಗ ಕಂಟ್ರೋಲ್ + ಎಂ ಒತ್ತಿ. ಒಂದೊಂದು ಒತ್ತಿಗೂ ಒಂದೊಂದು ಲೇಬಲ್ ಕೂರುತ್ತದೆ, ಅದರಲ್ಲಿ 1, 2, 3 ಅಂತ ಸಂಖ್ಯೆ ಹಾಕಿ. ಬೆರಳು ಸ್ವಲ್ಪ ತಡವಾಗಿ ಬಿದ್ದಿರುತ್ತದೆ, ಪರವಾಗಿಲ್ಲ, ಇದು ಊರಿನ ನಕ್ಷೆ ಮಾತ್ರ. ಮನೆ ಬಾಗಿಲು ಹುಡುಕಲು ಜೂಮ್ ಮಾಡಬೇಕು.

ಜೂಮ್ ಮಾಡಿದಾಗ ಕೋಲಿನ ಪೆಟ್ಟು ನೆಟ್ಟಗೆ ಎದ್ದ ಮುಳ್ಳಿನ ಹಾಗೆ ಕಾಣುತ್ತದೆ: ಎಡಗಡೆ ಥಟ್ಟನೆ ಏರು, ಬಲಗಡೆ ನಿಧಾನ ಇಳಿತ. ಕತ್ತರಿ ಹಾಕಬೇಕಾದ್ದು ಮುಳ್ಳಿನ ಮೇಲಲ್ಲ, ಅದಕ್ಕಿಂತ 10ರಿಂದ 15 ಮಿಲಿಸೆಕೆಂಡ್ ಹಿಂದೆ. ಮುಳ್ಳಿನ ಮೇಲೆಯೇ ಕತ್ತರಿಸಿದರೆ ಪೆಟ್ಟಿನ ತಲೆ ಹಾರಿ 'ಟಕ್' ಎನ್ನುವುದು 'ಅಕ್' ಎಂದು ಕೇಳುತ್ತದೆ. ಹೋಗುವ ತುದಿಯನ್ನು ಪೆಟ್ಟಿಗಿಂತ 12 ಮಿಲಿಸೆಕೆಂಡ್ ಹಿಂದೆ ಕತ್ತರಿಸಿದರೆ ಬರುವ ತುದಿಯನ್ನೂ ಅಷ್ಟೇ ಹಿಂದೆ ಕತ್ತರಿಸಿ. ಇಲ್ಲದಿದ್ದರೆ ಅಷ್ಟು ಅಂತರ ತಾಳಕ್ಕೆ ಸೇರಿಕೊಳ್ಳುತ್ತದೆ ಅಥವಾ ತಾಳದಿಂದ ಕಳೆದುಹೋಗುತ್ತದೆ. ಗೆರೆ ಇಟ್ಟ ಮೇಲೆ ಝಡ್ ಕೀ ಒತ್ತಿ, ಅಲೆ ಸೊನ್ನೆಗೆ ಬರುವ ಹತ್ತಿರದ ಬಿಂದುವಿಗೆ ಅದು ಸರಿಯುತ್ತದೆ. ನಿಮಗೆ ಕೇಳುವ 'ಟಿಕ್' ಸದ್ದಿಗೆ ಕಾರಣ ಇದೇ. ಅಲೆ ಮೇಲಿದ್ದಾಗ ಕತ್ತರಿಸಿ, ಕೆಳಗಿರುವ ಅಲೆಗೆ ಅಂಟಿಸಿದರೆ ಸ್ಪೀಕರಿನ ಪರದೆ ಒಮ್ಮೆಲೇ ಜಿಗಿಯಬೇಕಾಗುತ್ತದೆ. ಕತ್ತರಿಗೆ ಕಂಟ್ರೋಲ್ + ಐ.

ಅಂದ ಹಾಗೆ ಫೋನಿನ ವಿಡಿಯೊ ಆ್ಯಪ್ ಎಡವಲು ಬೇರೆ ಕಾರಣವೂ ಇದೆ. ಅವು ಸಾಮಾನ್ಯವಾಗಿ ವಿಡಿಯೊ ಫ್ರೇಮಿನ ಗಡಿಯಲ್ಲಿ ಕತ್ತರಿಸುತ್ತವೆ. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದೊಂದು ಹೆಜ್ಜೆ 33 ಮಿಲಿಸೆಕೆಂಡ್. 120ರ ವೇಗದಲ್ಲಿ ಒಂದು ಪೆಟ್ಟು 500 ಮಿಲಿಸೆಕೆಂಡ್, ಅದರ ಕಾಲುಭಾಗ 125. ಅಲ್ಲಿ 33 ಹೆಚ್ಚುಕಡಿಮೆ ಆದರೆ ಕಿವಿ ಬಿಡುವುದಿಲ್ಲ.

ಕತ್ತರಿಸಿದ ತುಂಡುಗಳನ್ನು ಒಂದೇ ಟ್ರ್ಯಾಕಿನಲ್ಲಿ ಸಾಲಾಗಿ ಅಂಟಿಸದೆ, ಒಂದನ್ನು ಮೇಲಿನ ಟ್ರ್ಯಾಕಿನಲ್ಲಿ, ಮುಂದಿನದನ್ನು ಕೆಳಗಿನ ಟ್ರ್ಯಾಕಿನಲ್ಲಿ, ಚದುರಂಗದ ಮನೆಗಳ ಹಾಗೆ ಇಡಿ. ಆಗ ಗಾಯಕರ ಕೊನೆಯ ಸ್ವರದ ಗುಂಗನ್ನು ಕಾಲು ಸೆಕೆಂಡ್, ಅರ್ಧ ಸೆಕೆಂಡ್ ಹಾಗೆಯೇ ಬಿಟ್ಟು ಹೊಸ ತುಂಡಿನ ಕೆಳಗೆ ಕರಗಿಸಬಹುದು. ಎರಡೂ ಹಾಯುವ ಭಾಗವನ್ನು ಆಯ್ದು 'ಕ್ರಾಸ್‌ಫೇಡ್ ಟ್ರ್ಯಾಕ್ಸ್' ಕೊಡಿ. ಒಂದೇ ಹಾಡಿನ ಎರಡು ತುಂಡಾದರೆ 'ಕಾನ್‌ಸ್ಟಂಟ್ ಗೇನ್', 10–20 ಮಿಲಿಸೆಕೆಂಡ್ ಸಾಕು. ಬೇರೆ ಬೇರೆ ಹಾಡಾದರೆ 'ಕಾನ್‌ಸ್ಟಂಟ್ ಪವರ್ 1'. ಅಲ್ಲಿ ಗೇನ್ ಕೊಟ್ಟರೆ ನಡುವೆ ಸದ್ದು ಕುಸಿದಂತೆ ಕೇಳುತ್ತದೆ.

ವೇಗ ಏರಿಸಿ ಹಿಡಿಸುವ ಪ್ರಶ್ನೆ: 10:40ನ್ನು 4:50ಕ್ಕೆ ತರಲು ಎರಡು ಪಟ್ಟಿಗಿಂತ ಹೆಚ್ಚು ಓಡಿಸಬೇಕು, ಅದು ಆಗುವ ಮಾತಲ್ಲ. ಕೊನೆಗೆ ಉಳಿದ ನಾಲ್ಕಾರು ಸೆಕೆಂಡ್ ಸರಿದೂಗಿಸಲು 'ಚೇಂಜ್ ಟೆಂಪೊ' ಬಳಸಬಹುದು, ಶೇ 5ರೊಳಗೆ. ಶೇ 10 ದಾಟಿದರೆ ಕೋಲಿನ ಪೆಟ್ಟು ಒಡೆದು ಎರಡೆರಡು ಕೇಳತೊಡಗುತ್ತದೆ. ಪಕ್ಕದಲ್ಲಿರುವ 'ಚೇಂಜ್ ಸ್ಪೀಡ್ ಆ್ಯಂಡ್ ಪಿಚ್' ಬೇರೆ, ಅದು ಶ್ರುತಿಯನ್ನೂ ಏರಿಸುತ್ತದೆ.

---

ಡೊಳ್ಳು_ವಾಸ್ಕೋ (ಗೋವಾ)

ಅಡಾಸಿಟಿ ಚಲೋ ಐತಿ, ಬ್ಯಾಡ ಅನ್ನೂದಿಲ್ಲ. ಆದ್ರ ಅಕ್ಕಾರ, ನೃತ್ಯದ ಹಾಡು ಒಮ್ಮೆ ಕತ್ತರಿಸಿದ್ರ ಮುಗೀತು ಅನ್ನಂಗಿಲ್ರಿ. ತಾಲೀಮಿನಾಗ "ಇಲ್ಲೆ ಇನ್ನೆರಡು ಆವರ್ತನ ಬೇಕು, ಅಲ್ಲೆ ಒಂದು ತಗೀರಿ" ಅಂತ ದಿನಾ ಬದಲಾಗ್ತೈತಿ. ಹಂಗ ಆದಾಗ ರೀಪರ್ ಅನ್ನೂ ಇನ್ನೊಂದು ಸಾಫ್ಟ್‌ವೇರ್ ಕೈಗೆ ಬಾಳ ಹಗುರ. ರಿಪಲ್ ಎಡಿಟಿಂಗ್ ಚಾಲೂ ಮಾಡಿ ನಡುವಿನ ತುಂಡು ಅಳಿಸಿದ್ರ ಹಿಂದಿನದೆಲ್ಲ ತಾನಾಗೇ ಮುಂದಕ್ಕ ಸರಿತೈತಿ. ಒಂದು ತುಂಡನ್ನ ಇನ್ನೊಂದರ ಮ್ಯಾಲ ಎಳದ್ರ ಕ್ರಾಸ್‌ಫೇಡ್ ಅದ ಹಾಕ್ಕೋತೈತಿ. ಕತ್ತರಿಗೆ ಎಸ್, ಗುರುತಿಗೆ ಎಂ, ಇಷ್ಟ. ಮೂಲ ಹಾಡಿಗೆ ಏನೂ ಆಗೂದಿಲ್ಲ, ನಿನ್ನೆ ಕತ್ತರಿಸಿದ್ದನ್ನ ಇವತ್ತ ತುದಿ ಹಿಡಿದು ಎಳದ್ರ ವಾಪಸ್ ಬರ್ತೈತಿ. ಈಗಿನ ಅಡಾಸಿಟಿನಾಗೂ ತುದಿ ಎಳಿಯೂ ಸೌಲಭ್ಯ ಬಂದೈತಿ, ಆದ್ರ 'ಚೇಂಜ್ ಟೆಂಪೊ' ಒತ್ತಿದ್ರ ಅದು ಧ್ವನಿನ ತಿದ್ದಿಬಿಡ್ತೈತಿ.

60 ದಿನ ಪೂರ್ತಿ ಪುಕ್ಕಟೆ ಬಳಸಬಹುದು, ಆಮ್ಯಾಲ ಒಬ್ಬರ ಲೈಸೆನ್ಸಿಗೆ 60 ಡಾಲರ್. ತಿಂಗಳ ಬಾಡಿಗಿ ಇಲ್ಲ. ಹಳೇ ಲ್ಯಾಪ್‌ಟಾಪಿನಾಗೂ ನಡೀತೈತಿ. ಕಲಿಯಾಕ ಅಡಾಸಿಟಿಗಿಂತ ಎರಡು ದಿನ ಹೆಚ್ಚು ಹಿಡಿತೈತಿ ಅನ್ನೂದು ಮಾತ್ರ ಖರೆ. ರಾಜ್ಯೋತ್ಸವಕ್ಕ ಒಂದ ವಾರ ಉಳಿದಿದ್ರ ಬ್ಯಾಡ, ಅಡಾಸಿಟಿನ ಸಾಕು.

ಉಳಿದವು ಒಂದೊಂದ ಮಾತಿನಾಗ. ಗ್ಯಾರೇಜ್‌ಬ್ಯಾಂಡ್ ಪುಕ್ಕಟೆ, ಆದ್ರ ಮ್ಯಾಕ್ ಇಲ್ಲಾ ಐಫೋನ್ ಇದ್ದವರಿಗೆ ಮಾತ್ರ. ಡಾವಿಂಚಿ ರಿಸಾಲ್ವ್ ಪುಕ್ಕಟೆ ಖರೆ, 4 ಜಿಬಿ ಮಷೀನಿನ ಮ್ಯಾಲ ಅದನ್ನ ಹೇರಬ್ಯಾಡ್ರಿ, ಎದ್ದು ನಿಲ್ಲೂದಿಲ್ಲ. ಅಡೋಬಿ ಆಡಿಷನ್‌ನಾಗ 'ರೀಮಿಕ್ಸ್' ಅಂತ ಐತಿ: ಇಷ್ಟು ನಿಮಿಷ ಬೇಕು ಅಂದ್ರ ಅದ ಹಾಡು ಕತ್ತರಿಸಿ ಕೊಡ್ತೈತಿ. ಬರೇ ವಾದ್ಯಸಂಗೀತಕ್ಕ ಮೆಚ್ಚೂ ಹಂಗ ಮಾಡ್ತೈತಿ. ಸಾಹಿತ್ಯ ಇದ್ದ ಪದಕ್ಕ ಹಚ್ಚಿದ್ರ ಮಾತಿನ ನಡುವ ಕತ್ತರಿ ಬೀಳ್ತೈತಿ, ಚರಣ ಯಾವುದು ಪಲ್ಲವಿ ಯಾವುದು ಅದಕ್ಕೇನು ಗೊತ್ತು. ಮ್ಯಾಲ ತಿಂಗಳ ಬಾಡಿಗಿ.

ಇನ್ನ ಶ್ರುತಿ. ಬಿಳಿ ಒಂದರಿಂದ ಕಪ್ಪು ಎರಡಕ್ಕ ಮೂರು ಮನಿ ಅಂತರ. ಎರಡು ಮನಿ ತನಕ 'ಚೇಂಜ್ ಪಿಚ್' ಮಾಡಿದ್ರ ಹೆಂಗೋ ನಡೀತೈತಿ, ಮೂರು ಇಳಿಸಿದ್ರ ಹಾಡವ್ರ ದನಿ ನಿದ್ದಿಗಣ್ಣಿನಾಗ ಹಾಡಿದಂಗ ಆಗ್ತೈತಿ, ಏರಿಸಿದ್ರ ಸಣ್ಣ ಹುಡುಗರ ದನಿ ಆಗ್ತೈತಿ. ಹಾಡನ್ನ ಮುಟ್ಟಬ್ಯಾಡ್ರಿ. ನಡುವ ಎರಡು ಆವರ್ತನ ಬರೇ ಡೊಳ್ಳು ಇಲ್ಲಾ ತಮಟಿ ಹಾಕ್ರಿ. ಅಷ್ಟರಾಗ ಕಿವಿ ಹಳೇ ಶ್ರುತಿ ಮರೀತೈತಿ. ಮೃದಂಗ ಹಾಕಬ್ಯಾಡ್ರಿ, ಅದರ ಬಲಮುಖ ಶ್ರುತಿಗೆ ಕೂಡಿಸಿದ್ದು, ಎರಡು ಹಾಡಿನಾಗ ಒಂದಕ್ಕರೆ ಅಪಸ್ವರ ಆಗೇ ಆಗ್ತೈತಿ. ಡೊಳ್ಳಿನ ವೇಗ ಮುಂದ ಬರೂ ಹಾಡಿಂದು, ಅಂದ್ರ 132. ಮಕ್ಕಳ ಕಾಲು ಅಲ್ಲೇ ಹೊಸ ನಡೀಗೆ ಹೊಂದಿಕೊಂಡಿರ್ತಾವ. ಈ ಎರಡು ಆವರ್ತನನ್ನ ಕಂಸಾಳಿಯ 32ರಾಗ ಹಿಡೀರಿ, ಮ್ಯಾಲ ಸೇರಿಸಬ್ಯಾಡ್ರಿ.

ಡೊಳ್ಳು ಎಲ್ಲಿಂದ ತರೂದು ಅಂತೀರಿ. ಬಾರಿಸವ್ರು ಸಿಕ್ಕರ ಫೋನಿನಾಗ ಹಿಡೀರಿ. ಅಡಾಸಿಟಿಯ 'ರಿದಮ್ ಟ್ರ್ಯಾಕ್'ನಾಗ 132, ಒಂದು ಬಾರ್‌ಗೆ ಅಂದ್ರ ಆವರ್ತನಕ್ಕ 8 ಪೆಟ್ಟು ಅಂತ ಕೊಟ್ಟು ಕ್ಲಿಕ್ ಮಾಡ್ಕೊಂಡು, ಬಾರಿಸವ್ರ ಕಿವ್ಯಾಗ ತಂತಿ ಇರೂ ಇಯರ್‌ಫೋನ್ ಹಾಕ್ರಿ. ಫೋನು ಮೂರ್ನಾಕು ಮೀಟರ್ ದೂರ ಇರ್ಲಿ, ಡೊಳ್ಳಿನ ಮುಖಕ್ಕ ನೇರ ಹಿಡೀಬ್ಯಾಡ್ರಿ. ಹತ್ತಿರ ಹಿಡಿದ್ರ ಅಲಿಯ ತುದಿ ಚಪ್ಪಟಿ ಆಗಿ ಹರಕು ಸಪ್ಪಳ ಬರ್ತೈತಿ, ಅದನ್ನ ಆಮ್ಯಾಲ ಯಾವ ಸಾಫ್ಟ್‌ವೇರೂ ಸರಿ ಮಾಡೂದಿಲ್ಲ.

---

ಕೋಲು_ನಿಗಡಿ

ಇಬ್ಬರಿಗೂ ವಂದನೆ. ಸದ್ಯ ಅಡಾಸಿಟಿಯಲ್ಲೇ ಮಾಡಿದೆವು. 40 ಎಣಿಸಿದರೆ ವೇಗ ಅದೇ ಬಂತು. ಲೇಬಲ್ ಹಾಕಿದ ಮೇಲೆ ಕೆಲಸ ಎಷ್ಟು ಸಲೀಸಾಯಿತೆಂದರೆ, ಸ್ತುತಿ ಮತ್ತು ಕಂಸಾಳೆ ಒಂದೇ ಸಂಜೆಗೆ ಮುಗಿದವು. ಟಿಕ್ ಸದ್ದು ಹೋಗಿದೆ. ಡೊಳ್ಳು ಚೆನ್ನಾಗಿ ಕೂತಿದೆ.

ಇನ್ನು ಮೂರು ತೊಡಕು. ಜಡೆಗೆ ಸಾಲದೆ ಕೋಲಾಟದಲ್ಲಿ 30ರ ಬದಲು 32 ಆವರ್ತನ ಇಟ್ಟೆವು, ಈಗ ಒಟ್ಟು 4:57 ಆಗಿದೆ. 'ಚೇಂಜ್ ಟೆಂಪೊ' ಮಾಡಿ ಇಳಿಸಲೆ? ಎರಡನೆಯದು, ಎಕ್ಸ್‌ಪೋರ್ಟ್ ಮಾಡಿದ ಕಡತ ಪ್ಲೇಯರಿನಲ್ಲಿ 9:14 ಎಂದು ತೋರಿಸುತ್ತದೆ, 4:57ರ ನಂತರ ಬರೀ ಮೌನ. ಮೂರನೆಯದು, ಚಿಕ್ಕವರಿಗೆ ತಾಲೀಮಿಗೆ ನಿಧಾನದ ಪ್ರತಿ ಬೇಕು, ಅದನ್ನೂ ಬೇರೆ ಎಡಿಟ್ ಮಾಡಬೇಕೆ?

---

ಲಯ_ಡೊಂಬಿವಲಿ

9:14 ಏಕೆಂದರೆ ಯಾವುದೋ ಟ್ರ್ಯಾಕಿನಲ್ಲಿ ಬಲಗಡೆ ದೂರದಲ್ಲಿ ಕತ್ತರಿಸಿ ಉಳಿದ ಚೂರೊಂದು ಬಿದ್ದಿದೆ. ಅಡಾಸಿಟಿ ಎಕ್ಸ್‌ಪೋರ್ಟ್ ಮಾಡುವುದು ಕೊನೆಯ ತುಂಡಿನ ತುದಿಯವರೆಗೆ, ಆ ಚೂರು ಕಣ್ಣಿಗೆ ಕಾಣದಷ್ಟು ಸಣ್ಣದಾದರೂ ಅಷ್ಟೆ. ಪೂರ್ತಿ ಜೂಮ್ ಔಟ್ ಮಾಡಿ (ಕಂಟ್ರೋಲ್ + ಎಫ್), 4:57ರಿಂದ ಬಲಕ್ಕೆ ಎಲ್ಲ ಟ್ರ್ಯಾಕ್ ಆಯ್ದು ಅಳಿಸಿ.

7–8 ಸೆಕೆಂಡಿಗಾಗಿ ವೇಗ ಮುಟ್ಟಬೇಡಿ. 297ನ್ನು 289ಕ್ಕೆ ತರಲು ಸುಮಾರು ಶೇ 2.8 ಏರಿಸಬೇಕು. ಕಿವಿಗೆ ಗೊತ್ತಾಗದು ನಿಜ, ಆದರೆ ಕೋಲಾಟದ ಎರಡು ಆವರ್ತನ ಸರಿಯಾಗಿ 8 ಸೆಕೆಂಡ್ ಇದೆಯಲ್ಲ, ಅದನ್ನು ತೆಗೆದರೆ ಲೆಕ್ಕ ಮುಗಿಯಿತು. ಎಚ್ಚರ ಒಂದೇ: ಎರಡನ್ನೂ ಒಂದೇ ಕಡೆಯಿಂದ ತೆಗೆಯಬೇಡಿ. ಹೆಣೆಯುವ ಭಾಗದಲ್ಲಿ ಒಂದು, ಬಿಚ್ಚುವ ಭಾಗದಲ್ಲಿ ಒಂದು. ಹೆಣೆಯಲು 12 ಆವರ್ತನ ಕೊಟ್ಟು ಬಿಚ್ಚಲು 10 ಕೊಟ್ಟರೆ ಕಂಸಾಳೆ ಶುರುವಾದಾಗ ಹಗ್ಗದಲ್ಲಿ ಎರಡು ಸುತ್ತು ಜಡೆ ಹಾಗೇ ನೇತಾಡುತ್ತಿರುತ್ತದೆ. ಹೆಣೆಯುವಷ್ಟೇ ಬಿಚ್ಚಬೇಕು, ಇದನ್ನು ಯಾವ ಸಾಫ್ಟ್‌ವೇರೂ ನೆನಪಿಸುವುದಿಲ್ಲ.

ಮುಂದೆಂದಾದರೂ ಟೆಂಪೊ ಬದಲಿಸುವುದಾದರೆ ಒಂದು ಸೂಕ್ಷ್ಮ ಗಮನಿಸಿ. ವೇಗ ಶೇ 5 ಏರಿಸಿದರೆ ಅವಧಿ ಶೇ 5 ಇಳಿಯುವುದಿಲ್ಲ: 300 ಸೆಕೆಂಡ್ 285 ಆಗುವುದಿಲ್ಲ, 285.7 ಆಗುತ್ತದೆ. ಆ ಪೆಟ್ಟಿಗೆಯಲ್ಲಿ ಶೇಕಡಾ ತುಂಬುವ ಬದಲು ಕೆಳಗಿರುವ ಅವಧಿಯ ಜಾಗದಲ್ಲಿ ಬೇಕಾದ ಸೆಕೆಂಡನ್ನೇ ಬರೆಯಿರಿ.

ತಾಲೀಮಿಗೆ ಬೇರೆ ಪ್ರತಿ ಬೇಡ. ಫೋನಿನಲ್ಲಿ ವಿಎಲ್‌ಸಿ ಹಾಕಿ, ಪ್ಲೇಬ್ಯಾಕ್ ಸ್ಪೀಡ್ 0.85 ಇಡಿ, ಶ್ರುತಿ ಬದಲಾಗದೆ ನಿಧಾನವಾಗುತ್ತದೆ. ವಾರಕ್ಕೊಮ್ಮೆ 0.9, 0.95 ಅಂತ ಏರಿಸುತ್ತ ಬನ್ನಿ. ನಿಧಾನದ ಕಡತ ಅಂತ ಬೇರೆ ಮಾಡಿ ಹಂಚಿದರೆ ಸ್ಪರ್ಧೆಯ ಪೆನ್‌ಡ್ರೈವಿಗೂ ಅದೇ ಹೋಗಿ ಕೂರುವ ಭಯ.

---

ಬಾಲೇವಾಡಿ_ಬೀಮ್ (ಪುಣೆ)

ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಜಿಮ್ನಾಸ್ಟಿಕ್ಸ್ ಫ್ಲೋರ್ ಸಂಗೀತಕ್ಕೂ ಇದೇ ವಿಧಾನ ನಡೆಯುತ್ತದೆಯೆ? ಅಲ್ಲಿ ಆವರ್ತನದ ಲೆಕ್ಕ ಕಾಣೆ.

---

ಲಯ_ಡೊಂಬಿವಲಿ

ನಡೆಯುತ್ತದೆ, 8 ಎಣಿಕೆಯ ಬಾರ್ ಹಿಡಿದರಾಯಿತು. ವ್ಯತ್ಯಾಸ ನಿಯಮದಲ್ಲಿ. ಮಹಿಳೆಯರ ಆರ್ಟಿಸ್ಟಿಕ್ ಫ್ಲೋರ್ 90 ಸೆಕೆಂಡ್ ದಾಟಬಾರದು, ಸಂಗೀತದಲ್ಲಿ ಹಾಡಿನ ಮಾತು ಇರಬಾರದು. ರಿದಮಿಕ್‌ನಲ್ಲಿ ವೈಯಕ್ತಿಕಕ್ಕೆ 1:15ರಿಂದ 1:30, ಗುಂಪಿಗೆ 2:15ರಿಂದ 2:30, ಅಂದರೆ ಕಡಿಮೆಯಾದರೂ ತಪ್ಪೇ. ಫ್ಲೋರ್‌ನಲ್ಲಿ ಗಡಿಯಾರ ಓಡುವುದು ಜಿಮ್ನಾಸ್ಟಿನ ಮೊದಲ ಚಲನೆಯಿಂದ. ಅಲ್ಲಿ ಟಂಬ್ಲಿಂಗ್ ಇಳಿಯುವ ಕ್ಷಣಕ್ಕೆ ಸಂಗೀತದ ಏರು ಕೂರಿಸಬೇಕು. ಅದಕ್ಕೆ ಮೊದಲು ತಾಲೀಮಿನ ವಿಡಿಯೊ ತೆಗೆದು ಯಾವ ಸೆಕೆಂಡಿಗೆ ಕಾಲು ನೆಲ ಮುಟ್ಟುತ್ತದೆ ಅಂತ ಬರೆದುಕೊಳ್ಳಿ, ಆಮೇಲೆ ಅದಕ್ಕೆ ತಕ್ಕಂತೆ ಕತ್ತರಿಸಿ. ಕೂಡಿಬರಲು ಅರ್ಧ ಸೆಕೆಂಡ್ ಬೇಕಾದರೆ ರೀಪರಿನಲ್ಲಿ ಆ ಒಂದು ತುಂಡನ್ನು ಮಾತ್ರ ಹಿಗ್ಗಿಸುವುದು ಸುಲಭ. ವಾಸ್ಕೋದ ಸರ್ ಹೇಳಿದ್ದು ಇಂಥ ಕಡೆ ನಿಜಕ್ಕೂ ಉಪಯೋಗ.

---

ಕನ್ಸೋಲ್_ಮಾಟುಂಗಾ (ಮುಂಬಯಿ)

ಎಡಿಟಿಂಗ್ ಬಗ್ಗೆ ಎಲ್ಲ ಹೇಳಿಯಾಗಿದೆ. ಒಪ್ಪಿಸುವ ಬಗ್ಗೆ ನಾಲ್ಕು ಮಾತು, ಏಕೆಂದರೆ ಅರ್ಧದಷ್ಟು ಹಾಡು ಕೆಡುವುದು ಇಲ್ಲಿ.

ಕೆಲಸವನ್ನೆಲ್ಲ ಪ್ರಾಜೆಕ್ಟ್ ಕಡತದಲ್ಲಿ ಇಡಿ. ಅಡಾಸಿಟಿಯ ಪ್ರಾಜೆಕ್ಟ್ ಸ್ಟೀರಿಯೊ ನಿಮಿಷಕ್ಕೆ ಸುಮಾರು 21 ಎಂಬಿ ತಿನ್ನುತ್ತದೆ, ನಿಮ್ಮ 10:40ಕ್ಕೆ 225 ಎಂಬಿ ಹತ್ತಿರ, ಜಾಗ ಇಟ್ಟುಕೊಳ್ಳಿ. ಎಂಪಿ3 ಮಾಡುವುದು ಕಟ್ಟಕಡೆಗೆ, ಒಂದೇ ಸಲ. ಎಂಪಿ3 ತೆರೆದು, ಕತ್ತರಿಸಿ, ಮತ್ತೆ ಎಂಪಿ3 ಉಳಿಸಿದರೆ ಪ್ರತಿ ಸಲವೂ ಗುಣಮಟ್ಟ ಸವೆಯುತ್ತದೆ. ಅಷ್ಟೇ ಅಲ್ಲ, ಎನ್‌ಕೋಡರ್ ಪ್ರತಿ ಸಲ ಶುರುವಿಗೆ ಹತ್ತಾರು ಮಿಲಿಸೆಕೆಂಡ್ ಮೌನ ತುಂಬುತ್ತದೆ.

ಮೂರು ಹಾಡು ಮೂರು ಕಾಲದ ಧ್ವನಿಮುದ್ರಣವಾದರೆ ಒಂದು ಪಿಸುಗುಟ್ಟುತ್ತದೆ, ಒಂದು ಕಿರುಚುತ್ತದೆ. ಜೋಡಿಸುವ ಮೊದಲೇ ಪ್ರತಿಯೊಂದಕ್ಕೂ 'ಲೌಡ್‌ನೆಸ್ ನಾರ್ಮಲೈಸೇಷನ್' −16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಕೊಡಿ, ಆಮೇಲೆ ಕಿವಿಯಿಂದ ಹೊಂದಿಸಿ. ಕೊನೆಯಲ್ಲಿ ಒಟ್ಟು ಹಾಡಿನ ತುದಿ −1 ಡೆಸಿಬಲ್ ದಾಟದಿರಲಿ. ಸದ್ದು ಜೋರಾಗಿ ಬರಲೆಂದು ಬಾಸ್ ಏರಿಸಿ ತರಬೇಡಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ ಆಗಲಿ, ಚಿಂಚವಡದ ರಾಮಕೃಷ್ಣ ಮೋರೆ ನಾಟ್ಯಗೃಹವಾಗಲಿ, ಹಾಲಿನ ಸ್ಪೀಕರಿಗೆ ಬೇಕಾದಷ್ಟು ಬಾಸ್ ಇರುತ್ತದೆ. ಏರಿಸಿ ತಂದದ್ದು ಅಲ್ಲಿ ಗುಂಯ್‌ಗುಟ್ಟಿ ಹಾಡಿನ ಮಾತು ಮುಳುಗುತ್ತದೆ.

ಮೋನೊದಲ್ಲಿ ಒಮ್ಮೆ ಕೇಳಿ. ಸಭಾಗೃಹಗಳಲ್ಲಿ ಎಡ-ಬಲ ಎರಡನ್ನೂ ಕೂಡಿಸಿ ಒಂದೇ ಮಾಡಿ ಬಿಡುವುದು ಸಾಮಾನ್ಯ. ಕೆಲವು ಹಾಡುಗಳಲ್ಲಿ, ಅದರಲ್ಲೂ ದನಿ ತೆಗೆದು ಕರಾವೊಕೆ ಮಾಡಿದ ಟ್ರ್ಯಾಕುಗಳಲ್ಲಿ, ಎಡ-ಬಲ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿರುತ್ತವೆ. ಕೂಡಿಸಿದ ತಕ್ಷಣ ಒಂದಿಡೀ ವಾದ್ಯ ಮಾಯ. 'ಮಿಕ್ಸ್ ಸ್ಟೀರಿಯೊ ಡೌನ್ ಟು ಮೋನೊ' ಕೊಟ್ಟು ಕೇಳಿ, ಸರಿಯಿದ್ದರೆ ಕಂಟ್ರೋಲ್ + ಝಡ್.

ಅಂಟಿಸಿದ ಜಾಗ ಪರೀಕ್ಷಿಸಲು ಬ್ಲೂಟೂತ್ ಇಯರ್‌ಫೋನ್ ಬಳಸಬೇಡಿ. ಸದ್ದು ತಡವಾಗಿ ಬರುತ್ತದೆ, ಗೆರೆ ಒಂದು ಕಡೆ, ಪೆಟ್ಟು ಒಂದು ಕಡೆ. ಲೋಕಲ್ ರೈಲಿನಲ್ಲಿ ನಿಂತು ಕೇಳಿ "ಪಸ್ಟ್ ಕ್ಲಾಸ್" ಅನ್ನುವುದಂತೂ ಬೇಡವೇ ಬೇಡ. ಬ್ಲೂಟೂತ್ ಸ್ಪೀಕರಿನಲ್ಲಿ ತಾಲೀಮು ಮಾಡುವವರಿಗೂ ಒಂದು ಮಾತು: ಸುಮ್ಮನಿದ್ದ ಸ್ಪೀಕರ್ ಎಚ್ಚರಗೊಳ್ಳುವಷ್ಟರಲ್ಲಿ ಹಾಡಿನ ಮೊದಲ ಅರ್ಧ ಸೆಕೆಂಡ್ ನುಂಗಿರುತ್ತದೆ, ಮಕ್ಕಳು ಆ ತಪ್ಪು ಶುರುವನ್ನೇ ಕಲಿಯುತ್ತಾರೆ.

ಅದಕ್ಕೇ ಹಾಡಿನ ಮುಂದೆ 1 ಸೆಕೆಂಡ್ ಮೌನ ಇಡಿ. ಆದರೆ ಮೊದಲು ಆಯೋಜಕರನ್ನು ಕೇಳಿ, ಗಡಿಯಾರ ಶುರುವಾಗುವುದು ಪ್ಲೇ ಒತ್ತಿದಾಗಲೋ, ಮೊದಲ ನಾದಕ್ಕೋ, ಮೊದಲ ಹೆಜ್ಜೆಗೋ. ಮೂರಕ್ಕೂ ಬೇರೆ ಬೇರೆ ಉತ್ತರ ಬರುವುದುಂಟು. ಕೊನೆಯಲ್ಲಿ ಉದ್ದ ಮೌನ ಇಡಬೇಡಿ, ಕಡತದ ಅವಧಿ ನೋಡಿಯೇ ಸಮಯ ಮೀರಿತು ಅನ್ನುವವರಿದ್ದಾರೆ.

ವೇವ್ ಕೊಡಿ: 44.1 ಕಿಲೊಹರ್ಟ್ಸ್, 16 ಬಿಟ್, ಸ್ಟೀರಿಯೊ. 4:50ಕ್ಕೆ 51 ಎಂಬಿ ಆಗುತ್ತದೆ. ಜೊತೆಗೆ 320 ಕೆಬಿಪಿಎಸ್‌ನ ಎಂಪಿ3 ಒಂದು, ಸುಮಾರು 11.6 ಎಂಬಿ, ಸ್ಥಿರ ಬಿಟ್‌ರೇಟಿನದು. ಬದಲಾಗುವ ಬಿಟ್‌ರೇಟ್ ಕೊಟ್ಟರೆ ಕೆಲವು ಯುಎಸ್‌ಬಿ ಪ್ಲೇಯರ್ ಅವಧಿಯನ್ನು ತಪ್ಪಾಗಿ ತೋರಿಸುತ್ತವೆ. ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಿನಲ್ಲಿರಲಿ. ಕಡತದ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಯಲ್ಲಿರಲಿ; ಕನ್ನಡದಲ್ಲಿ ಬರೆದರೆ ಪ್ಲೇಯರಿನ ಪುಟ್ಟ ಪರದೆಯಲ್ಲಿ ಬರೀ ಚೌಕಗಳು ಕಾಣುತ್ತವೆ. ನಮ್ಮ ಭಾಷೆಯ ಹಬ್ಬಕ್ಕೇ ಹೀಗೆ ಹೇಳಬೇಕಾಗಿದೆ, ಏನು ಮಾಡುವುದು. ತಂಡದ ಸಂಖ್ಯೆ, ಹೆಸರು, ಅವಧಿ, ಇಷ್ಟು ಸಾಕು. 'ಫೈನಲ್', 'ಫೈನಲ್ 2', 'ನ್ಯೂ ಫೈನಲ್' ಅಂತ ಮೂರು ಇದ್ದರೆ ಕನ್ಸೋಲಿನವರು ಮೇಲಿನದನ್ನು ಒತ್ತುತ್ತಾರೆ. ಪೆನ್‌ಡ್ರೈವಿನಲ್ಲಿ ಬೇರೆ ಏನೂ ಬೇಡ. ಹಾಡು ಮುಗಿದ ಮರುಕ್ಷಣ ಪ್ಲೇಯರ್ ಮುಂದಿನ ಕಡತಕ್ಕೆ ಹೋಗಿ, ಕೈಮುಗಿದು ನಿಂತ ಮಕ್ಕಳ ಮೇಲೆ ಯಾರದೋ ಮದುವೆ ಹಾಡು ಬರುತ್ತದೆ.

ಇನ್ನೊಂದು ಪೆನ್‌ಡ್ರೈವ್ ನಿಮ್ಮ ಚೀಲದಲ್ಲಿರಲಿ, ಅದರ ಪ್ರತಿ ಫೋನಿನಲ್ಲಿರಲಿ. ವಾಟ್ಸ್ಯಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.

---

ಡೊಳ್ಳು_ವಾಸ್ಕೋ

ಒಂದು ಮಾತು ಸೇರಸ್ತೀನಿ. ಎಕ್ಸ್‌ಪೋರ್ಟ್ ಮಾಡಿದ ಕಡತನ ಬ್ಯಾರೆ ಮಷೀನಿನಾಗ, ಪೆನ್‌ಡ್ರೈವಿಂದನ, ಮೊದಲಿಂದ ಕೊನಿತನ ಒಮ್ಮೆ ಪೂರ್ತಿ ಕೇಳ್ರಿ. ಕಾಪಿ ಆಗೂ ಮುಂಚೆನ ಕಿತ್ತಿದ್ರ ಹಾಡು 3 ನಿಮಿಷಕ್ಕ ನಿಂತಿರ್ತೈತಿ, ಹೆಸರು ಮಾತ್ರ ಪೂರ್ತಿ ಕಾಣತೈತಿ.

---

ಕೋಲು_ನಿಗಡಿ

ಹೆಣೆಯುವಲ್ಲಿ ಒಂದು, ಬಿಚ್ಚುವಲ್ಲಿ ಒಂದು ತೆಗೆದೆವು. ಜಡೆ 11ರಲ್ಲಿ ಹೆಣೆದು 11ರಲ್ಲಿ ಬಿಚ್ಚುತ್ತಿದೆ, ಒಟ್ಟು 4:49. ಬಲಗಡೆ ಬಿದ್ದಿದ್ದ ಚೂರೂ ಸಿಕ್ಕಿತು, ಸ್ತುತಿಯ ಕೊನೆಯ ತಂಬೂರಿಯ ಗುಂಗು ಅದು. ಆಯೋಜಕರಿಗೆ ಫೋನ್ ಮಾಡಿ ಕೇಳಿದೆ: ಗಡಿಯಾರ ಮೊದಲ ನಾದದಿಂದಂತೆ. ಮುಂದೆ 1 ಸೆಕೆಂಡ್ ಮೌನ ಇಟ್ಟು ವೇವ್ ಮಾಡಿದ್ದೇನೆ. ಮೋನೊದಲ್ಲಿ ಕೇಳಿದಾಗ ಕಂಸಾಳೆಯ ಝಣಝಣ ಸ್ವಲ್ಪ ಹಿಂದೆ ಸರಿಯಿತು, ಮಾಯವಾಗಲಿಲ್ಲ. ಅದಕ್ಕೇನಾದರೂ ಮಾಡಬೇಕೆ?

---

ಕನ್ಸೋಲ್_ಮಾಟುಂಗಾ

ಬೇಡ. ಬದಿಗಳಿಗೆ ಹರಡಿದ್ದ ಸದ್ದು ಕೂಡಿದಾಗ ಅಷ್ಟು ತಗ್ಗುವುದು ಸಹಜ. ಮಕ್ಕಳ ಕೈಯಲ್ಲಿ ನಿಜವಾದ ಕಂಸಾಳೆ ಇದ್ದರೆ ಅದೇ ತುಂಬಿಕೊಡುತ್ತದೆ. ವೇದಿಕೆಯ ಮುಂದೆ ನೆಲಕ್ಕೆ ಒಂದು ಮೈಕ್ ಇಡಿಸಿಕೊಳ್ಳಿ, ಅದನ್ನು ಸೌಂಡಿನವರಿಗೆ ಬೆಳಿಗ್ಗೆಯೇ ಹೇಳಿ.